ಆರೂಕಾಲು

ಹದಿನಾಲ್ಕು ಪುಟದ ಒಪ್ಪಿಗೆ ಪತ್ರ.
ಮೂರನೆಯ ಪುಟಕ್ಕೇ ಹುಚ್ಚರಾಯಪ್ಪ ಕೈ ಅಡ್ಡ ಹಿಡಿದರು:
"ನಿಲ್ಸು ತಾಯಿ. ಯಾದೃಚ್ಛಿಕ ಅಂದ್ರೇನು?"

ಚೀಟಿ ಎತ್ತಿದ ಹಾಗೆ, ಅಂದೆ.
ಇನ್ನೂರು ಜನ, ಎರಡು ಪಾಲು.
ಒಂದು ಪಾಲಿಗೆ ಹೊಸ ಮಾತ್ರೆ,
ಇನ್ನೊಂದಕ್ಕೆ ಅದೇ ಬಣ್ಣ, ಅದೇ ಗಾತ್ರ,
ಒಳಗೆ ಔಷಧವಿಲ್ಲ.
ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಎಲ್ಲರಿಗೂ ಮಾಮೂಲಿ.
ನಿಮ್ಮ ಡಬ್ಬಿಯಲ್ಲಿ ಯಾವುದಿದೆಯೋ ನಿಮಗೆ ಗೊತ್ತಿರುವುದಿಲ್ಲ,
ನನಗೂ ಇಲ್ಲ, ಡಾಕ್ಟರಿಗೂ ಇಲ್ಲ.

ಶಿವಮೊಗ್ಗದ ಆಸ್ಪತ್ರೆ, ಸೋಮವಾರದ ಗದ್ದಲ.
ಚಪ್ಪಲಿ ಕಳಚಿ, ಉರಿಯುವ ಅಂಗಾಲನ್ನು
ಮೊಸಾಯಿಕ್ ನೆಲಕ್ಕೆ ಒತ್ತಿಕೊಂಡು ಕೂತಿದ್ದರು.
ನನ್ನ ಮುಖವನ್ನೇ ನೋಡಿದರು, ಬಹಳ ಹೊತ್ತು.
ಬೈಯುತ್ತಾರೆ ಅಂದುಕೊಂಡೆ.
ಬೈದವರಿದ್ದಾರೆ. ಪತ್ರ ಹರಿದು
ಕೈತೊಳೆಯುವ ತೊಟ್ಟಿಗೆ ಹಾಕಿದವರೂ ಇದ್ದಾರೆ.

"ಮೂವತ್ತೊಂದು ವರ್ಷ
ಶಿಕಾರಿಪುರದ ಮಿಲ್ಲಲ್ಲಿ ತೂಗಿದೋನು ನಾನು.
ಖಾಲಿ ಗೋಣಿ ಎಷ್ಟು ತೂಗ್ತದೆ ಅಂತ ಗೊತ್ತಿಲ್ದೆ
ಭತ್ತ ಎಷ್ಟಿದೆ ಅಂತ ಯಾವನು ಹೇಳ್ತಾನೆ?
ನಿನ್ನ ಔಷಧ ಇಲ್ಲದ ಮಾತ್ರೆ, ಅದು ಗೋಣಿ."

ಹೌದು, ಅಂದೆ. ಆರು ವರ್ಷದಿಂದ
ಈ ಮಾತಿಗೆ ಹುಡುಕುತ್ತಿದ್ದೆ.

"ಕಣ್ಣು ಕಟ್ಟೋದು ಯಾಕೆ ಅಂತನೂ ಹೇಳ್ಲಾ?
ನನ್ನ ಭಾವನ ಭತ್ತ ಬಂದ ದಿನ
ಹೆಬ್ಬೆಟ್ಟು ತಾನಾಗೇ ತಟ್ಟೆ ಮೇಲೆ ಕೂತಿತ್ತು.
ಮೋಸ ಅಲ್ಲ ತಾಯಿ, ನಾ ಕೂರಿಸಿರಲಿಲ್ಲ.
ಒಳ್ಳೇದಾಗ್ಲಿ ಅನ್ನೋದಕ್ಕೂ ತೂಕ ಇರ್ತದೆ."

ಆದರೂ ಅಂದು ಹೆಬ್ಬೆಟ್ಟು ಒತ್ತಲಿಲ್ಲ.
ಪತ್ರ ಮಡಚಿ ಜೇಬಿಗಿಟ್ಟು ಬಸ್ಸು ಹತ್ತಿದರು.
ಗುರುವಾರ ಬಂದರು. ಮೊಮ್ಮಗಳು
ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಳು ಐದು ಕಡೆ:
ಹೊಟ್ಟೆ ಕೆಟ್ಟರೆ? ಯಾರ ಖರ್ಚು?
ರಕ್ತ ಎಷ್ಟು ತೆಗೆಯುತ್ತೀರಿ, ಚಮಚದ ಲೆಕ್ಕದಲ್ಲಿ?
ತಾತನ ಹೆಸರು ಪೇಪರಿನಲ್ಲಿ ಬರುತ್ತದಾ?
ನಡುವೆ ಬಿಟ್ಟರೆ ಬೈಯುತ್ತೀರಾ?
ಐದನೆಯದು ಅಳಿಸಿತ್ತು.

ಒಂದೊಂದಕ್ಕೂ ಉತ್ತರ ಹೇಳಿದೆ.
ಬಿಡುವುದಕ್ಕೆ ಕಾರಣ ಬೇಕಿಲ್ಲ,
ಬಿಟ್ಟವರಿಗೂ ಇದೇ ಬಾಗಿಲು, ಇದೇ ಡಾಕ್ಟರು.
ಪಕ್ಕದ ಬೆಂಚಿನ ನರ್ಸಿಂಗ್ ಹುಡುಗಿಯಲ್ಲ, ನಮ್ಮವರಲ್ಲದ ಯಾರಾದರೂ
ಸಾಕ್ಷಿ ಬೇಕು ಅಂದಾಗ
ಕ್ಯಾಂಟೀನಿನ ಜಯಶೀಲ ಬಂದ, ಎಲ್ಲ ಕೂತು ಕೇಳಿದ,
ಒದ್ದೆ ಕೈ ಒರೆಸಿಕೊಂಡು ಸಹಿ ಹಾಕಿದ.

ಆರನೆಯ ವಾರ. ಉಳಿದ ಮಾತ್ರೆ ಎಣಿಸುವ ದಿನ.
ಕೆಲವರು ಬಸ್‌ಸ್ಟ್ಯಾಂಡಿನಲ್ಲೇ ಚೆಲ್ಲಿ
ಖಾಲಿ ಡಬ್ಬಿ ತರುತ್ತಾರೆ, ನನ್ನ ಮನಸ್ಸು ನೋಯದಿರಲಿ ಅಂತ.
ಇವರು ಮೇಜಿನ ಮೇಲೆ ಸುರಿದು
ಎರಡೆರಡಾಗಿ ಸರಿಸಿದರು:
"ಐದು ಹೆಚ್ಚಿಗೆ ಉಳಿದಿದೆ. ಆನವಟ್ಟಿಗೆ ಮಗಳ ಮನೆಗೆ ಹೋಗಿದ್ದೆ,
ಡಬ್ಬಿ ಮರೆತೆ. ಬರ್ಕೋ."

ಬರೆದುಕೊಂಡೆ. ಆಮೇಲೆ ಪ್ರಶ್ನೆ.
ಉರಿ ಕಡಿಮೆಯಾಯ್ತಲ್ವಾ, ಎಂದು ಕೇಳುವಂತಿಲ್ಲ.
ಮುಖ ನೋಡಿದರೆ ಹಾಗೇ ಕೇಳಬೇಕೆನಿಸುತ್ತದೆ.
ಪೆನ್ನಿನ ಸುತ್ತ ಬಿಗಿದಿದ್ದ ನನ್ನ ಹೆಬ್ಬೆಟ್ಟನ್ನು
ಮೇಜಿನ ಕೆಳಗೆ ಇಳಿಸಿಕೊಂಡೆ.

ಸೊನ್ನೆ ಅಂದರೆ ಉರಿಯೇ ಇಲ್ಲ,
ಹತ್ತು ಅಂದರೆ ತಡೆಯಲಾಗದ್ದು. ಈಗ ಎಷ್ಟು?

ಕಣ್ಣು ಮುಚ್ಚಿದರು. ಬಲಗಾಲು ಸ್ವಲ್ಪ ಎತ್ತಿ,
ನೆಲಕ್ಕಿಟ್ಟು, ಮತ್ತೆ ಎತ್ತಿದರು.
ಮುಳ್ಳು ನಿಲ್ಲುವವರೆಗೆ ಕಾಯುವ ಹಾಗೆ ಕಾದರು.

"ಆರೂಕಾಲು."

ಪೂರ್ಣ ಅಂಕಿಗಳಷ್ಟೇ ಅಜ್ಜ, ಫಾರ್ಮಿನಲ್ಲಿ
ಅರ್ಧ, ಕಾಲು ಇಲ್ಲ.

"ಕಾಲಿನ ಲೆಕ್ಕಕ್ಕೇ ಕಾಲಿಲ್ವಾ?"
ನಕ್ಕರು. ಚಪ್ಪಲಿ ಮೆಟ್ಟಿದರು.

ಆರು ಎಂದು ಬರೆದೆ.
ಚೌಕದ ಹೊರಗೆ, ಅಂಚಿನಲ್ಲಿ,
ಯಾರೂ ಕೂಡಿಸದ ಜಾಗದಲ್ಲಿ
ಪೆನ್ಸಿಲಿನಿಂದ ಒಂದು ಸಣ್ಣ ಕಾಲು.